ಸತ್ಯಾಂಶ: ಹಳೇ ಆಸ್ಬೆಸ್ಟಾಸ್ ಶೀಟನ್ನು ಇವತ್ತೇ ಒಡೆಯಬೇಕಾ?

"ಮನೆ ಮೇಲೆ ಆಸ್ಬೆಸ್ಟಾಸ್ ಶೀಟ್ ಇದ್ದರೆ ಕ್ಯಾನ್ಸರ್ ಗ್ಯಾರಂಟಿ, ಇವತ್ತೇ ಒಡೆದು ಹಾಕಿ" ಅನ್ನುವ ಮೆಸೇಜ್ ಅರ್ಧ ಮಾತ್ರ ಸರಿ.

ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತದೆ, ನಿಜ. ಆದರೆ ಗಟ್ಟಿಯಾಗಿರುವ ಶೀಟ್‌ನಲ್ಲಿ ಅದರ ಎಳೆಗಳು ಸಿಮೆಂಟಿನೊಳಗೆ ಕಚ್ಚಿಕೊಂಡಿರುತ್ತವೆ. ಸುಮ್ನೆ ಅದರ ಕೆಳಗೆ ವಾಸವಿದ್ದರೆ ಅಪಾಯ ತೀರಾ ಕಡಿಮೆ. ಒಡೆದಾಗ, ಕೊರೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬಂದು ಶ್ವಾಸಕೋಶ ಸೇರುತ್ತವೆ. ಕಾಯಿಲೆ ಕಾಣಿಸುವುದು ಎಷ್ಟೋ ಸಲ 20–40 ವರ್ಷ ಕಳೆದ ಮೇಲೆ.

ಕೊಡಗಿನ ಮಳೆಗೆ ಶೀಟ್ ಮೇಲೆ ಪಾಚಿ ಕಟ್ಟುತ್ತದೆ ಅಲ್ವಾ? ಬೇಸಿಗೆಯಲ್ಲಿ ಅದನ್ನು ತಂತಿ ಬ್ರಷ್‌ನಿಂದ ಕೆರೆಯುವುದೇ ನನಗೆ ಜಾಸ್ತಿ ಭಯ. ದಯವಿಟ್ಟು ಬೇಡ.

ಬದಲಾಯಿಸಲೇಬೇಕಾದರೆ ಅನುಭವ ಇರುವವರಿಂದ ಮಾಡಿಸಿ. ಶೀಟ್ ನೆನೆಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಬಟ್ಟೆ ಮಾಸ್ಕ್ ಸಾಲದು. ಚೂರುಗಳನ್ನು ತೋಟದ ದಾರಿಯ ಗುಂಡಿಗೆ ಸುರಿಯಬೇಡಿ. ಜೀಪ್ ಹತ್ತಿದಾಗೆಲ್ಲ ಪುಡಿಯಾಗುತ್ತವೆ.