ಕೈಯಿಟ್ಟು ನೋಡಿ ‘ಒಣಗಿದೆ ಸಾರ್’ ಅನ್ನೋರಿಗೆ

ಗೃಹಪ್ರವೇಶದ ದಿನ ಹತ್ತಿರ ಬಂತು ಅಂತ ಹಸಿ ಕಾಂಕ್ರೀಟ್ ಮೇಲೆ ವುಡನ್ ಫ್ಲೋರಿಂಗ್ ಹಾಕಿ, ದುಡ್ಡು ಎಣಿಸಿಕೊಂಡು ಹೋಗ್ತಾರಲ್ಲ, ಇದೆಂಥ ಕೆಲಸ? ಕೆಲವೇ ತಿಂಗಳಲ್ಲಿ ಹಲಗೆ ಅಂಚು ಉಬ್ಬುತ್ತೆ, ಸ್ಕರ್ಟಿಂಗ್ ಹಿಂದೆ ಬೂಷ್ಟು ಹಿಡಿಯುತ್ತೆ. ಫೋನ್ ಮಾಡಿದರೆ ‘ನೀವು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೀರ’ ಅಂತ ಮನೆಯವರ ಮೇಲೇ ಗೂಬೆ ಕೂರಿಸ್ತಾರೆ. ಒಂದು ಹಲಗೆ ಎತ್ತಿ ನೋಡಿ ಸ್ವಾಮಿ: ಫೋಮ್ ಶೀಟಿನ ಅಡಿಯಲ್ಲಿ ನೀರಹನಿ, ಅದರ ಕೆಳಗೆ ಕಪ್ಪಗೆ ನೆನೆದ ಸಿಮೆಂಟು. ಅದೂ ಒರೆಸಿದ್ದಕ್ಕೇ ಬಂತಾ?

ಕಾಂಕ್ರೀಟಿನ ಮೇಲ್ಮೈ ಬೇಗ ಒಣಗುತ್ತೆ, ನೀರು ಒಳಗೇ ಇರುತ್ತೆ. ಮೇಲೆ ಹಲಗೆ ಮುಚ್ಚಿದ ಮೇಲೆ ಆ ತೇವ ನಿಧಾನಕ್ಕೆ ಮೇಲೇರುತ್ತೆ. ಕ್ಯೂರಿಂಗ್ ನೀರು (ಗಟ್ಟಿಯಾಗಲಿ ಅಂತ ಹಾಕೋ ನೀರು) ನಿಲ್ಲಿಸಿದ ಮೇಲೆ ಒಣಗೋಕೆ ದಪ್ಪದ ಪ್ರತಿ ಇಂಚಿಗೆ ಸುಮಾರು ಒಂದು ತಿಂಗಳು ಬೇಕು, ಅದೂ ಒಣ ಹವೆಯಲ್ಲಿ. ಮಂಗಳೂರು, ಮಲೆನಾಡಿನ ಮಳೆಗಾಲದಲ್ಲಿ ಆ ಲೆಕ್ಕವೂ ನಡೆಯಲ್ಲ.

ಇನ್ನು ಮರದ ತೇವ ಅಳೆಯೋಕೆ ಮಾಡಿದ ಪಿನ್ ಮೀಟರನ್ನ ಸಿಮೆಂಟಿಗೆ ಒತ್ತಿ ‘ಎಂಟು ಪರ್ಸೆಂಟ್, ಓಕೆ’ ಅನ್ನೋರು. ಆ ಅಂಕಿಗೆ ಕಾಂಕ್ರೀಟಿನಲ್ಲಿ ಅರ್ಥವೇ ಇಲ್ಲ!

ಬೇರೆ ಉಪಕರಣ ಏನೂ ಇಲ್ಲದಿದ್ದರೆ 18 ಇಂಚು ಚೌಕದ ದಪ್ಪ ಪಾಲಿಥೀನ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಹಾಲ್ ಮಧ್ಯೆ ಫ್ಯಾನ್ ಕೆಳಗೆ ಮಾತ್ರ ಅಲ್ಲ, ಬಾತ್‌ರೂಮ್ ಗೋಡೆ ಪಕ್ಕವೂ ಹಾಕಿ. ಹನಿ ಕಟ್ಟಿದರೆ, ನೆಲ ಕಪ್ಪಾದರೆ ಕೆಲಸ ನಿಲ್ಲಿಸಿ. ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಪಾಸ್ ಅಲ್ಲ, ಇದು ಮೇಲ್ಪದರದ ಕಥೆ ಅಷ್ಟೇ.

ನಂಬಬೇಕಾದ್ದು ಆರ್‌ಎಚ್ ಪ್ರೋಬ್, ಅಂದರೆ ಕಾಂಕ್ರೀಟಿನೊಳಗಿನ ತೇವಾಂಶವನ್ನ (ರಿಲೇಟಿವ್ ಹ್ಯುಮಿಡಿಟಿ) ಅಳೆಯೋ ಕಡ್ಡಿ. ಮೇಲಿನಿಂದ ಮಾತ್ರ, ಒಂದೇ ಕಡೆ ಒಣಗುವ ಸ್ಲ್ಯಾಬಿಗೆ ದಪ್ಪದ 40% ಆಳಕ್ಕೆ ಡ್ರಿಲ್ ಮಾಡಬೇಕು, ಅಂದರೆ 100 ಮಿ.ಮೀ. ಸ್ಲ್ಯಾಬಿಗೆ 40 ಮಿ.ಮೀ. ಧೂಳು ತೆಗೆದು, ತೂತಿಗೆ ಸ್ಲೀವ್ (ಕೊಳವೆ) ಇಳಿಸಿ, ಮುಚ್ಚಿ, 24 ಗಂಟೆ ಬಿಟ್ಟು ರೀಡಿಂಗ್ ತಗೊಳ್ಳಿ. ಮೊದಲ 1000 ಚದರಡಿಗೆ ಮೂರು ತೂತು, ಆಮೇಲೆ ಪ್ರತಿ 1000ಕ್ಕೆ ಒಂದು. ಮಿತಿ ಎಷ್ಟು ಅಂತ ಫ್ಲೋರಿಂಗ್ ಕಂಪನಿ ಕೊಟ್ಟಿರುತ್ತೆ, ಸಾಮಾನ್ಯವಾಗಿ 75% ಆರ್‌ಎಚ್.

ನೆಲಮಹಡಿಯಲ್ಲಿ ಸ್ಲ್ಯಾಬ್ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿಲ್ಲದಿದ್ದರೆ ಮಣ್ಣಿನ ತೇವ ಬರ್ತಾನೇ ಇರುತ್ತೆ, ಎಷ್ಟು ಕಾದರೂ ಅಷ್ಟೇ. ಅಲ್ಲಿ ಎಪಾಕ್ಸಿ ತೇವತಡೆ ಕೋಟಿಂಗ್ ಬೇಕು, ಬರೀ ಫೋಮ್ ಸಾಲಲ್ಲ. ರೀಡಿಂಗು, ತಾರೀಖು, ತೂತು ಹಾಕಿದ ಜಾಗ, ಮೂರನ್ನೂ ಬರೆದು ಸಹಿ ಹಾಕಿಕೊಡಿ. ಆಮೇಲೆ ಹಲಗೆ ಬಾಕ್ಸ್ ಒಡೀರಿ.