ತನಗೇ ಬೆಂಕಿ ಹಚ್ಚಿಕೊಂಡು ಅಂಗಿ ಮಾರಿದವನು

ಹೋದ ತಿಂಗಳು ಜೆ.ಸಿ. ರೋಡಿಗೆ ಹೋಗಿದ್ದೆ. ಕಾರಿನ ಮ್ಯಾಟು ಹರಿದು ವರ್ಷವಾಗಿತ್ತು, ಮನೆಯವಳ ಗೊಣಗಾಟ ತಡೆಯೋಕಾಗದೆ ಹೊರಟಿದ್ದು. ಮ್ಯಾಟ್ ಸುತ್ತಿ ಕೊಡ್ತಾ ಅಂಗಡಿ ಹುಡುಗ ಕೌಂಟರ್ ಮೇಲೆ ಒಂದು ಪುಟ್ಟ ಕ್ಲಿಪ್ ಇಟ್ಟ. ಸೀಟ್ ಬೆಲ್ಟಿನ ತುದಿಯಲ್ಲಿರುತ್ತಲ್ಲ ಲೋಹದ ನಾಲಗೆ, ಥೇಟ್ ಅದೇ. ಹಿಂದೆ ಬೆಲ್ಟ್ ಮಾತ್ರ ಇಲ್ಲ.

"ಇದನ್ನ ಲಾಕಿಗೆ ಸಿಗಿಸ್ಬಿಡಿ ಸಾರ್, ಬೆಲ್ಟ್ ಹಾಕದಿದ್ರೂ ಕಾರು ಕುಂಯ್ ಕುಂಯ್ ಅನ್ನಲ್ಲ."

"ಇದು ಬ್ಯಾನ್ ಆಗಿದೆಯಲ್ಲಪ್ಪಾ?"

"ಅದು ಆನ್‌ಲೈನಲ್ಲಿ ಸಾರ್. ಇಲ್ಲೇನಿಲ್ಲ."

ಹುಡುಗ ಪೂರ್ತಿ ತಪ್ಪು ಹೇಳಿದ್ನೋ ಅರ್ಧ ಸರಿ ಹೇಳಿದ್ನೋ ಬಿಡಿ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಎಲ್ಲರಿಗೂ ಒಮ್ಮೆ ಬೆಲ್ಟಿನ ನೆನಪಾಯಿತು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಕಂಪನಿಗಳಿಗೆ ಆದೇಶ ಕೊಟ್ಟು ಈ ಕ್ಲಿಪ್ಪಿನ 13,118 ಜಾಹೀರಾತು ತೆಗೆಸಿತು. ಹದಿಮೂರು ಸಾವಿರ! ಇಷ್ಟು ಬಗೆಯ ಹಲ್ಲುಜ್ಜುವ ಬ್ರಷ್ ಇದೆಯೋ ಇಲ್ಲವೋ.

ಕ್ಲಿಪ್ ಕೈಯಲ್ಲಿ ಹಿಡಿದಾಗ ನನಗೆ ನೆನಪಾದವನು ಬಿಲ್ ಸಿಂಪ್ಸನ್, ರೇಸುಗಾರರ ಜೀವ ಕಾಯೋ ಸಾಮಾನು ಮಾಡಿ ಮಾರಿದ ರೇಸ್ ಡ್ರೈವರ್. ಅಮೆರಿಕದ ಕ್ಯಾಲಿಫೋರ್ನಿಯಾದವನು, 1940ರಲ್ಲಿ ಹುಟ್ಟಿದವನು. ರೇಸ್ ಡ್ರೈವರ್ ಆಗಿದ್ದುಕೊಂಡು ಕಾರಿಗೆ ಬೇಕಾದ ಸಾಮಾನು ಮಾರಲು ಅಂಗಡಿ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. 1964ರಲ್ಲಿ ಪುಟಾಣಿ ಮಿನಿ ಕಾರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದ ಪ್ಯಾಡಿ ಹಾಪ್‌ಕಿರ್ಕ್ ತನ್ನ ಹೆಸರಲ್ಲೇ ಆ ವ್ಯಾಪಾರ ಮಾಡಿದ. ಗೆದ್ದ ಹೆಸರು ಡಬ್ಬಿ ಮೇಲಿದ್ದರೆ ಮಾಲು ಓಡುತ್ತೆ, ಅದರಲ್ಲೇನೂ ತಪ್ಪಿಲ್ಲ. ಸಿಂಪ್ಸನ್ ಅಂಥ ಗೆದ್ದ ಹೆಸರಲ್ಲ. ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಓಡಿದ್ದು ಒಂದೇ ಸಲ, 1974ರಲ್ಲಿ, ಬಂದದ್ದು ಹದಿಮೂರನೇ ಸ್ಥಾನ. ಅವನು ಮಾರಿದ್ದು ತನಗೆ ಬಿದ್ದ ಪೆಟ್ಟನ್ನ.

ಹದಿನೆಂಟನೇ ವಯಸ್ಸಲ್ಲಿ ಡ್ರ್ಯಾಗ್ ರೇಸಿನಲ್ಲಿ ಕಾರು ಗುದ್ದಿ ಎರಡೂ ಕೈ ಮುರಿದುಕೊಂಡ. ಡ್ರ್ಯಾಗ್ ರೇಸ್ ಅಂದರೆ ಕಾಲು ಮೈಲಿ ನೇರ ರಸ್ತೆ, ಕಣ್ಣು ಮುಚ್ಚಿ ಬಿಡೋದರೊಳಗೆ ಮುಗಿಯುತ್ತೆ. ತೊಂದರೆ ಇರೋದು ಆಮೇಲೆ, ನಿಲ್ಲಿಸೋದರಲ್ಲಿ. ಎರಡು ಕೈಗೂ ಪ್ಲಾಸ್ಟರ್ ಹಾಕಿಸಿಕೊಂಡು ಕೂತ ಹುಡುಗನಿಗೆ ಯೋಚಿಸೋದು ಬಿಟ್ಟು ಬೇರೆ ಕೆಲಸ ಏನಿರುತ್ತೆ? ಮಿಲಿಟರಿಯ ಹಳೇ ಸಾಮಾನು ಮಾರುತ್ತಿದ್ದ ಅವನ ಸಂಬಂಧಿಯೊಬ್ಬ ಪ್ಯಾರಾಚೂಟ್ ಉಪಾಯ ಹೇಳಿಕೊಟ್ಟ. ಸಿಂಪ್ಸನ್ ಕೈ ಸರಿಹೋದ ಮೇಲೆ ಹೊಲಿಗೆ ಮೆಷಿನ್ ಮುಂದೆ ಕೂತ. ಡ್ರ್ಯಾಗ್ ಕಾರಿನ ಹಿಂದೆ ಬಿಚ್ಚಿಕೊಳ್ಳೋ ಪ್ಯಾರಾಚೂಟೇ ಅವನ ಕಂಪನಿಯ ಮೊದಲ ಮಾಲು.

ಆಮೇಲೆ ಬಂದದ್ದು ಬೆಂಕಿ. ಆ ಕಾಲದ ರೇಸುಗಾರರು ಹತ್ತಿ ಬಟ್ಟೆಯ ಅಂಗಿಯನ್ನ ಬೋರಾಕ್ಸ್ ನೀರಲ್ಲಿ ಅದ್ದಿ ಒಣಗಿಸಿ ತೊಡುತ್ತಿದ್ದರು. ಅದೇ ರಕ್ಷಾಕವಚ. 1964ರ ಇಂಡಿಯಾನಾಪೊಲಿಸ್ ರೇಸಿನ ಎರಡನೇ ಸುತ್ತಿನಲ್ಲೇ ಪೆಟ್ರೋಲ್ ಹೊತ್ತಿಕೊಂಡು ಎಡ್ಡೀ ಸ್ಯಾಕ್ಸ್, ಡೇವ್ ಮೆಕ್‌ಡೊನಾಲ್ಡ್ ಇಬ್ಬರೂ ಸತ್ತರು. ಅಷ್ಟರಲ್ಲಿ ಡ್ಯುಪಾಂಟ್ ಕಂಪನಿ ನೊಮೆಕ್ಸ್ ಅನ್ನೋ ನೂಲು ತಯಾರಿಸಿತ್ತು. ಅದು ನೈಲಾನಿನ ಹಾಗೆ ಕರಗಿ ಚರ್ಮಕ್ಕೆ ಅಂಟೋದಿಲ್ಲ. ಬೆಂಕಿ ತಾಗಿದ ಕಡೆ ಕರಿಕಾಗಿ ದಪ್ಪವಾಗುತ್ತೆ, ಒಳಗಿರೋನಿಗೆ ಓಡಿಹೋಗೋಕೆ ಕೆಲವು ಸೆಕೆಂಡು ಸಿಗುತ್ತೆ. ಇದನ್ನ ಸಿಂಪ್ಸನ್‌ಗೆ ಪರಿಚಯಿಸಿದ್ದು ಪೀಟ್ ಕಾನ್ರಾಡ್. ಹೌದು, 1969ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ಮೂರನೆಯವನು, ಅವನೇ. 1967ರಿಂದ ರೇಸುಗಾರರು ಆ ಬಟ್ಟೆಗೆ ಬಂದರು.

ಅಂಗಿ ಕೆಲಸ ಮಾಡುತ್ತೆ ಅಂತ ತೋರಿಸೋಕೆ ಸಿಂಪ್ಸನ್ ತಾನೇ ಅದನ್ನ ತೊಟ್ಟು, ಮೇಲೆ ಪೆಟ್ರೋಲ್ ಸುರಿಸಿಕೊಂಡು, ಜನರೆದುರು ಬೆಂಕಿ ಹಚ್ಚಿಸಿಕೊಂಡ. ಅದೂ ಒಂದೇ ಸಲ ಅಲ್ಲ. ಹುಚ್ಚಾಟ, ಒಪ್ಪಿದೆ. ಪ್ರಚಾರದ ಹಪಾಹಪಿ, ಅದೂ ಇತ್ತು. ಆದರೂ ನನಗೆ ಈ ಮನುಷ್ಯ ಯಾಕೆ ಇಷ್ಟ ಅಂದರೆ, ಮಾರುವ ಮಾಲಿನೊಳಗೆ ಮೊದಲು ತಾನು ಹೊಕ್ಕು ನೋಡಿದ.

ಡ್ರೈವಿಂಗ್ ಬಿಟ್ಟ ಕಥೆ ಇನ್ನೂ ಚೆನ್ನಾಗಿದೆ. 1977ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಪೂರ್ತಿ ವೇಗದಲ್ಲಿ ಸುತ್ತು ಹಾಕುವಾಗ, ವ್ಯಾಪಾರದ್ದೊಂದು ಫೋನ್ ಮಾಡಬೇಕಿತ್ತಲ್ಲ ಅಂತ ತಾನು ಯೋಚಿಸ್ತಿರೋದು ಅವನಿಗೇ ಗೊತ್ತಾಯಿತಂತೆ. ಕಾರು ಒಳಗೆ ತಂದು ಇಳಿದ, ಅಲ್ಲಿಗೆ ಮುಗೀತು. ನಾವು ಹೆಬ್ಬಾಳದ ಫ್ಲೈಓವರ್ ಮೇಲೆ ಫೋನೇ ಮಾಡಿ ಮುಗಿಸಿರ್ತೀವಿ.

ಇಷ್ಟೆಲ್ಲ ಮಾಡಿದವನ ಬಾಳು ತಿರುಗಿದ್ದು ಒಂದು ಬೆಲ್ಟಿನಿಂದ. 2001ರ ಫೆಬ್ರವರಿ 18, ಡೇಟೋನಾ 500ರ ಕೊನೇ ಸುತ್ತು. ಅಮೆರಿಕದ ಜನ ಆರಾಧಿಸುತ್ತಿದ್ದ ರೇಸುಗಾರ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಗುದ್ದಿ ಸತ್ತ. ಐದು ದಿನದ ಮೇಲೆ ರೇಸ್ ನಡೆಸುವ ನ್ಯಾಸ್ಕಾರ್ ಸಂಸ್ಥೆ ಪತ್ರಕರ್ತರನ್ನ ಕರೆದು, ಎಡಗಡೆ ಸೊಂಟದ ಬೆಲ್ಟ್ ತುಂಡಾಗಿತ್ತು ಅಂದಿತು. ಆ ಬೆಲ್ಟ್ ಸಿಂಪ್ಸನ್ ಕಂಪನಿಯದು. ಕೊಲ್ತೀವಿ ಅಂತ ಬೆದರಿಕೆಗಳು ಬಂದವು. ಬೆಲ್ಟಿನಲ್ಲಿ ದೋಷವಿಲ್ಲ, ಅದನ್ನ ನಾವು ಹೇಳಿದ ಹಾಗೆ ಜೋಡಿಸಿರಲಿಲ್ಲ ಅನ್ನೋದು ಸಿಂಪ್ಸನ್ ವಾದ. ಅದೇ ಏಪ್ರಿಲ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಜ್ಞರೊಬ್ಬರು ಶವಪರೀಕ್ಷೆಯ ಚಿತ್ರ ನೋಡಿ, ತಲೆ ಮುಂದಕ್ಕೆ ಬೀಸಿ ಬುರುಡೆಯ ಬುಡ ಬಿರಿದದ್ದೇ ಸಾವಿಗೆ ಕಾರಣ, ಬೆಲ್ಟಲ್ಲ ಅಂದರು. ಆಗಸ್ಟಿನಲ್ಲಿ ಬಂದ ನ್ಯಾಸ್ಕಾರ್ ವರದಿ ಬೆಲ್ಟನ್ನ ಹಲವು ಕಾರಣಗಳಲ್ಲಿ ಒಂದು ಮಾಡಿತು. ಎಳೆತದ ಒತ್ತಡಕ್ಕೆ ಪಟ್ಟಿ ತನ್ನನ್ನ ಬಿಗಿ ಮಾಡೋ ಅಡ್ಜಸ್ಟರಿನ ಕಂಡಿಯೊಳಗೆ ಒಂದು ಮೂಲೆಗೆ ಸರಿದು ಮುದ್ದೆಯಾಗಿ, ಅಲ್ಲಿಂದ ಹರಿಯುತ್ತಾ ಹೋಗಿದೆಯಂತೆ. ಆ ವರದಿ ಬರೋ ಹೊತ್ತಿಗೆ ಸಿಂಪ್ಸನ್ ತಾನು ಕಟ್ಟಿದ ಕಂಪನಿ ಬಿಟ್ಟು ಹೊರಗೆ ಬಂದಾಗಿತ್ತು.

ಅರ್ನ್‌ಹಾರ್ಟ್ ತಲೆಯನ್ನ ಹಿಡಿದು ನಿಲ್ಲಿಸಬಹುದಾಗಿದ್ದ ಸಾಧನ ಆಗಲೇ ಮಾರುಕಟ್ಟೆಯಲ್ಲಿತ್ತು. ಹೆಸರು ಹಾನ್ಸ್. ಹೆಗಲ ಮೇಲೆ ಕೂರೋ ಗಟ್ಟಿ ಕಾಲರ್, ಅದರಿಂದ ಹೆಲ್ಮೆಟ್ಟಿಗೆ ಎರಡು ಪಟ್ಟಿ. ಮಾಡಿದ್ದೂ ಇನ್ನೊಬ್ಬ ರೇಸುಗಾರ, ಜಿಮ್ ಡೌನಿಂಗ್, ಪ್ರೊಫೆಸರಾಗಿದ್ದ ಭಾವಮೈದುನ ರಾಬರ್ಟ್ ಹಬರ್ಡ್ ಜೊತೆ ಸೇರಿ. 1980ರ ದಶಕದಿಂದ ತಾನೇ ತೊಟ್ಟು ಓಡಿಸುತ್ತಿದ್ದ. ಕೊಳ್ಳೋರಿರಲಿಲ್ಲ, ಕುತ್ತಿಗೆಗೆ ಹಿಂಸೆ ಅಂತ. ಡೇಟೋನಾ ಆದ ಮೇಲೆ ಅದೇ ವರ್ಷ ನ್ಯಾಸ್ಕಾರ್ ಕುತ್ತಿಗೆ ಕಾಯೋ ಸಾಧನ ಕಡ್ಡಾಯ ಮಾಡಿತು, 2003ಕ್ಕೆ ಫಾರ್ಮುಲಾ ಒನ್ನಲ್ಲೂ ಹಾನ್ಸ್ ಬಂತು. ಸಿಂಪ್ಸನ್ 2019ರಲ್ಲಿ ತೀರಿಕೊಂಡ.

ಜೆ.ಸಿ. ರೋಡಿನ ಕ್ಲಿಪ್ ವಾಪಸ್ ಕೌಂಟರ್ ಮೇಲಿಟ್ಟು ಹುಡುಗನ್ನ ಕೇಳಿದೆ, "ನೀನು ನಿನ್ನ ಗಾಡಿಗೆ ಇದೇ ಹಾಕಿದೀಯೇನಪ್ಪಾ?"

"ನಂದು ಬೈಕು ಸಾರ್," ಅಂದ. ಅಂಗಡಿ ಮುಂದೆ ನಿಲ್ಲಿಸಿದ್ದ, ಕನ್ನಡಿಗೆ ಹೆಲ್ಮೆಟ್ ನೇತುಹಾಕಿತ್ತು.