ಪದ್ಮಶ್ರೀ ಹೆಸರಿನ ಭಾಗವಲ್ಲ

ಪದ್ಮಶ್ರೀ ಬಂದವರ ಹೆಸರಿನ ಮುಂದೆ ಅದನ್ನು ಸೇರಿಸಿಯೇ ಬರೆಯಬೇಕು, ಇಲ್ಲದಿದ್ದರೆ ಅವರಿಗೆ ಅಗೌರವ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. ಕಾನೂನು ಇರುವುದು ಇದಕ್ಕೆ ಪೂರ್ತಿ ಉಲ್ಟಾ.

ಸೇನೆಯ ಮತ್ತು ವಿದ್ಯೆಯ ಪದವಿಗಳನ್ನು ಬಿಟ್ಟರೆ ಸರ್ಕಾರ ಯಾರಿಗೂ ಬಿರುದು ಕೊಡುವಂತಿಲ್ಲ ಎನ್ನುತ್ತದೆ ಸಂವಿಧಾನದ 18ನೇ ವಿಧಿ. ಹಾಗಾದರೆ 1954ರಲ್ಲಿ ಶುರುವಾದ ಪದ್ಮ ಪ್ರಶಸ್ತಿಗಳೂ ಬಿರುದೇ ಅಲ್ವಾ? ಈ ತಕರಾರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1995ರ ಡಿಸೆಂಬರ್‌ನಲ್ಲಿ ಬಂದ ತೀರ್ಪಿನ ಪ್ರಕಾರ ಇವು ಬಿರುದಲ್ಲ, ಬರೀ ಗೌರವ. ಅದಕ್ಕೇ ಹೆಸರಿನ ಹಿಂದೆ ಮುಂದೆ ಅಂಟಿಸುವಂತಿಲ್ಲ. ಅಂಟಿಸಿಕೊಂಡರೆ ಪ್ರಶಸ್ತಿಯೇ ಕೈತಪ್ಪಬಹುದು. ನಮ್ಮ ಸನ್ಮಾನದ ಬ್ಯಾನರ್‌ಗಳಿಗೆ ಇದನ್ನೆಲ್ಲ ಹೇಳುವವರು ಯಾರು, ಬಿಡಿ!

ಭಾರತರತ್ನಕ್ಕೂ ಇದೇ ನಿಯಮ. ‘ಭಾರತರತ್ನ ಪುರಸ್ಕೃತರು’ ಎಂದು ಪರಿಚಯದಲ್ಲಿ ಬರೆಯಲು ಮಾತ್ರ ಅಡ್ಡಿಯಿಲ್ಲ.